ಗೀಟು ಹೋದ ದಾರಿ

“ಬೇಲಿ ಮುಟ್ಟಿದ್ರೆ ಕಾಲ್ ಮುರೀತೀನಿ, ಬೇವರ್ಸಿಗಳಾ. ನೀವು ತುಳಿದ ತೋಟದ ದ್ರಾಕ್ಷಿ ಯಾವನ್ ತಿಂತಾನೆ?”

ಯಲಹಂಕದ ಆಚೆ, ತನ್ನ ದ್ರಾಕ್ಷಿತೋಟದೊಳಗೆ ನಿಂತು ಶಿವಪ್ಪ ಕೂಗುತ್ತಿದ್ದ. ಬೇಲಿಯ ಹೊರಗೆ ಬೈರಮ್ಮ, ತುಂಬು ಬಸುರಿ ಸೊಸೆ ಗಂಗರತ್ನಮ್ಮನ ಕೈ ಹಿಡಿದು ನಿಂತಿದ್ದಳು. ತೋಟದ ಆ ಕೊನೆಯಲ್ಲೇ ಬಸ್ ಸ್ಟಾಪು. ಆದರೆ ಕೇರಿಯವರು ಕೆರೆ ಏರಿ ಸುತ್ತಿಯೇ ಹೋಗಬೇಕು. ಹೋದ ವರ್ಷ ಕೇರಿಯ ಮುನಿಕೃಷ್ಣಮ್ಮ ಹೀಗೇ ಆಸ್ಪತ್ರೆಗೆ ಹೊರಟವಳು ಆ ಏರಿಯ ಮೇಲೇ ಹೆತ್ತಿದ್ದಳು. ಕೂಸು ಉಳಿಯಲಿಲ್ಲ.

ಅತ್ತೆ ಸೊಸೆ ಏರಿ ಸುತ್ತುವಷ್ಟರಲ್ಲಿ ಬಸ್ಸು ಹೋಗಿತ್ತು. ಮನೆಗೆ ವಾಪಸಾದರು.

ಮಧ್ಯಾಹ್ನ ಕೇರಿಗೆ ಜೀಪು ಬಂತು. ಬಸ್ಸು ಬೇಕೆಂದು ಕೇರಿಯವರು ಕೊಟ್ಟ ಅರ್ಜಿಗೆ ಉತ್ತರ ಹೇಳಲು ಬಂದ ಅಧಿಕಾರಿ, ಬಾನೆಟ್ಟಿನ ಮೇಲೆ ನಕ್ಷೆ ಹರಡಿದರು.

“ಇದು ಕಂಪ್ಯೂಟರ್ ಹಾಕಿದ ನಕ್ಷೆ. ಇಲ್ಲಿಂದ ಸ್ಟಾಪಿಗೆ ಅರ್ಧ ಕಿಲೋಮೀಟರೂ ಇಲ್ಲ. ನಿಮಗೆ ಬೇರೆ ಬಸ್ಸು ಬರಲ್ಲ.”

ಬೈರಮ್ಮ ಬಗ್ಗಿ ನೋಡಿದಳು. ಕೇರಿಯಿಂದ ಸ್ಟಾಪಿಗೆ ನೆಟ್ಟಗೆ ಒಂದು ಕೆಂಪು ಗೀಟು.

“ಈ ಗೀಟು ಶಿವಪ್ಪನ ತೋಟದೊಳಗೇ ಓಯ್ತದಲ್ಲ ಸಾಮಿ?”

“ತೋಟ ಯಾರದೋ, ನಮಗ್ಯಾಕಮ್ಮ? ನಾವು ನೋಡೋದು ದೂರ ಮಾತ್ರ.”

“ಅಂಗಾದ್ರೆ ಇದೇ ದಾರಿ ಅಂತೀರಾ?”

“ಹೌದಮ್ಮ,” ಎಂದರು ಅಧಿಕಾರಿ, ಜೀಪು ಹತ್ತುವ ಅವಸರದಲ್ಲಿ.

“ಏಳೇ ರತ್ನ,” ಎಂದಳು ಬೈರಮ್ಮ ಸೊಸೆಗೆ. “ಸರ್ಕಾರ ದಾರಿ ಬುಟ್ಟದೆ.”

ಕೇರಿಯ ಹೆಂಗಸರೆಲ್ಲ ನಗುತ್ತಾ ಎದ್ದರು. ಮುನಿಕೃಷ್ಣಮ್ಮ ಕುಡುಗೋಲು ತಂದು ಬೇಲಿಯ ಮುಳ್ಳು ಕಡಿದು ಎಳೆದಳು. “ಮುಂದ್ ನಡೀರಿ ಸಾಮಿ, ದಾರಿ ನಿಮಗೇ ಗೊತ್ತಿರೋದು,” ಎಂದಳು. ಸುತ್ತ ಹೆಂಗಸರು, ಅಧಿಕಾರಿಗೆ ಬೇರೆ ದಾರಿಯಿರಲಿಲ್ಲ.

ಪ್ಯಾಂಟು ಶರ್ಟು ಕಂಡ ಶಿವಪ್ಪ ಟವೆಲ್ಲು ಕೊಡವುತ್ತಾ ಓಡಿಬಂದ. “ಬನ್ನಿ ಸಾರ್, ಬನ್ನಿ. ಹಣ್ಣು ತಗಳಿ.” ಆಮೇಲೆ ಅವರ ಹಿಂದೆ, ಚಪ್ಪರದ ಕೆಳಗೆ ಸಾಲಾಗಿ ಬರುತ್ತಿದ್ದ ಇಡೀ ಕೇರಿ ಕಂಡಿತು. ಅಧಿಕಾರಿಯ ಎದುರು ಬಯ್ಯಲಾರದೆ ಹಿಂದೆ ಹಿಂದೆಯೇ ಬಂದ.

ಗಂಗರತ್ನಮ್ಮ ಮೆಲ್ಲಗೆ, ಬೇಕಾದಷ್ಟು ಹೊತ್ತು ತೆಗೆದುಕೊಂಡು ನಡೆದಳು. ಅವಳನ್ನು ಯಾರೂ ಅವಸರಪಡಿಸಲಿಲ್ಲ. ಸ್ಟಾಪಿನಲ್ಲಿ ನಿಂತು ಬೆವರು ಒರೆಸಿಕೊಳ್ಳುವಾಗ ಬಸ್ಸು ಬಂತು.

ಅಧಿಕಾರಿ ಜೀಪಿನ ಕಡೆ ತಿರುಗಿದ್ದೇ ಶಿವಪ್ಪನಿಗೆ ಮಾತು ಬಂತು. “ವಾಪಸ್ ಎಂಗ್ ಬತ್ತೀರೋ ನೋಡ್ತೀನಿ, ಲೌಡಿ ಮುಂಡೇರಾ.”

ಸೊಸೆಯನ್ನು ಹತ್ತಿಸಿ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಬೈರಮ್ಮ ತಿರುಗಿದಳು.

“ಇಂಗೇ ಬತ್ತೀವಿ ಕಣಯ್ಯ. ಮಗೀನೂ ಎತ್ಕಂಡು.”