ಇರುವೆ ಮುಟ್ಟದ ಹಿಟ್ಟು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಪಾವಗಡ ತಾಲ್ಲೂಕು ವಳ್ಳೂರಿನ ರಾಜಲಕ್ಷ್ಮಮ್ಮ. 2023ರ ಜೂನ್ ಮೊದಲ ವಾರ, ಇಳಿಹೊತ್ತಿನಲ್ಲಿ, ಅವರ ಜಗಲಿಯ ಮೇಲೆ ಐದಾರು ಜನ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದಾಗ. ಮರುವರ್ಷ ಕೊರಟಗೆರೆಯಲ್ಲಿ ಇದನ್ನೇ ಬೇರೆ ಹೆಸರುಗಳಲ್ಲಿ ಕೇಳಿದೆ. ಅಲ್ಲಿ ರೋಗಿ ಬದುಕುತ್ತಾನೆ. ವಳ್ಳೂರಿನ ಪಾಠದಲ್ಲಿ ಬದುಕುವುದಿಲ್ಲ. ಇಲ್ಲಿ ಬರೆದಿರುವುದು ವಳ್ಳೂರಿನದು.

ರಾಜಲಕ್ಷ್ಮಮ್ಮನವರ ಪಕ್ಕದ ಮನೆಯ ಓಬಳಯ್ಯನಿಗೆ ಕ್ಷಯವಾಗಿತ್ತು. ಆರು ತಿಂಗಳ ಮಾತ್ರೆಯಲ್ಲಿ ಕೆಮ್ಮು ಹೋಯಿತು, ಮೈ ಮರಳಲಿಲ್ಲ. ತೂಕ ಮೂವತ್ತೆಂಟು ಕೆ.ಜಿ. ಉಂಡದ್ದು ಮೈಗೆ ಹತ್ತದಿದ್ದರೆ ಉಳಿಯುವುದು ಕಷ್ಟವೆಂದು ವೈದ್ಯರು ಹೆಂಡತಿ ಮುನಿಯಮ್ಮನಿಗೆ ಹೇಳಿ ಕಳಿಸಿದ್ದರು. ಆಗ ಅಳಿಯ ರಂಗೇಶ್ ಪಾವಗಡದ ಅಂಗಡಿಯೊಂದರಿಂದ ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ತಂದ. ಅದರ ಮೇಲೆ ತೋಳು ಉಬ್ಬಿಸಿ ನಿಂತ ಗಂಡಸಿನ ಚಿತ್ರ.

"ಇವ್ನ್ಯಾರು ಅಳಿಯಪ್ಪ, ಅಂಗಿ ಇಲ್ದೆ ನಿಂತವ್ನೆ?"

"ಮೂರ್ ತಿಂಗ್ಳು ಕುಡೀರಿ ಮಾವ, ನೀವೇ ಅವ್ನು."

"ಆಮ್ಯಾಕೆ ನಿಮ್ಮತ್ತೆ ಗುರ್ತು ಹಿಡೀಬೇಕಲ್ಲಪ್ಪಾ!"

ಕಾಯಿಲೆ ಬಿದ್ದ ಮೇಲೆ ಓಬಳಯ್ಯ ನಕ್ಕದ್ದು ಅದೇ ಮೊದಲು.

ಆ ಕೇರಿಯಲ್ಲಿ ಒಂದು ಕ್ರಮವಿತ್ತು. ಕಾಯಿಲೆಯವರಿಗೆ ಹೊಸದಾಗಿ ಯಾವ ಹಿಟ್ಟು ಕೊಡುವುದಾದರೂ ಮೊದಲ ಚಿಟಿಕೆಯನ್ನು ಹಿತ್ತಿಲ ಇರುವೆಗೂಡಿನ ಬಾಯಿಯಲ್ಲಿಡಬೇಕು. ಇರುವೆ ಹೊತ್ತೊಯ್ದರೆ ಅದು ಮೈಗೆ ಹತ್ತುತ್ತದೆ; ಮುಟ್ಟದಿದ್ದರೆ ಉಣ್ಣುವವರ ಅನ್ನದ ಋಣ ತೀರಿತೆಂದು ಅರ್ಥ. ರೋಗಿ ಹೋಗಿ ನೋಡುವಂತಿಲ್ಲ. ಇಟ್ಟವರು ಬಂದು ಹೇಳಬೇಕು. ಅವರ ಮಾತೇ ಸಾಕ್ಷಿ.

ಮುನಿಯಮ್ಮ ಪುಡಿ ಇಟ್ಟು ಕುಳಿತಳು. ಇರುವೆಗಳು ಬಂದವು, ಮೀಸೆ ತಾಗಿಸಿದವು, ಸುತ್ತು ಹಾಕಿಕೊಂಡು ಹೋದವು. ದೀಪ ಹಚ್ಚುವ ಹೊತ್ತಾದರೂ ಪುಡಿ ಇಟ್ಟ ಹಾಗೇ ಇತ್ತು. ಒಳಗಿನಿಂದ ಓಬಳಯ್ಯ ಕೂಗಿದ: "ಏನಾಯ್ತೇ?"

"ತಕ್ಕೊಂಡೋದ್ವು ಕಣಯ್ಯ," ಎಂದಳು ಮುನಿಯಮ್ಮ.

ಅವನು ನಂಬಿ ಕುಡಿದ. "ಪಾಯ್ಸ ಇದ್ದಂಗೈತೆ," ಎಂದು ಲೋಟದ ತಳ ಬೆರಳಿನಿಂದ ಬಳಿದ. ನಾಲ್ಕನೆಯ ದಿನಕ್ಕೆ ಹೊಟ್ಟೆ ಉಬ್ಬರಿಸಿತು, ನೀರಿನಂಥ ಭೇದಿ ಹತ್ತಿತು. ಒಂಬತ್ತನೆಯ ದಿನ ಆಶಾ ಕಾರ್ಯಕರ್ತೆ ಲೋಹಿತಾ ತೂಕ ನೋಡಲು ಬಂದಳು: ಮೂವತ್ತಾರು. ಅವಳು ಡಬ್ಬ ತಿರುಗಿಸಿ, ಎಳ್ಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದಳು.

"ಇದ್ರಾಗೆ ಸಕ್ರೆನೇ ಇಲ್ಲ ಕಣಮ್ಮ. ಸುಕ್ರಲೋಸ್ ಅಂತೆ, ಬರೀ ನಾಲ್ಗೆಗೆ ಸಿಹಿ. ಆಮೇಲೆ ಅಂಟು, ಬಣ್ಣ, ವಾಸ್ನೆ. ಭೇದಿ ಇದ್ರಿಂದ್ಲೇ ಅಂತ ನಾ ಹೇಳಾಕಾಗಲ್ಲ, ಆದ್ರೂ ನಿಲ್ಸಿ. ಇಂಥದ್ನ ಇರುವೆ ಕೂಡ ಮೂಸಲ್ಲ."

ಮಂಚದ ಮೇಲಿದ್ದವನು ತಲೆ ಎತ್ತಿದ. "ಏನಂದೆ ತಾಯಿ? ಇರುವೆ ಮುಟ್ಟಲ್ವಾ?"

"ಇಲ್ಲ ಕಣಣ್ಣ, ನಮ್ಮನೇಲೂ ಒಂದು ಡಬ್ಬ ತೆರೆದೇ ಬಿದ್ದಿತ್ತು. ಒಂದೂ ಬರ್ಲಿಲ್ಲ."

ಓಬಳಯ್ಯ ಹೆಂಡತಿಯನ್ನು ನೋಡಿದ. ಮುನಿಯಮ್ಮ ಗೋಡೆ ನೋಡಿದಳು. ದೋಷ ಪುಡಿಯದು, ಅವನದಲ್ಲ ಎಂದು ಲೋಹಿತಾ ಮೂರು ಸಲ ಬಿಡಿಸಿ ಹೇಳಿದಳು. ಅವನು ಕೇಳಿಸಿಕೊಂಡ, ಅವನ ಕಿವಿಗೆ ಬಿದ್ದದ್ದು ಮಾತ್ರ ಋಣ ತೀರಿತೆಂಬುದೊಂದೇ.

ಮರುದಿನ ಮುನಿಯಮ್ಮ ರಾಗಿ, ಹುರಿಗಡಲೆ, ಕಡಲೆಬೀಜ ಹುರಿದು ಬೀಸಿ, ಬೆಲ್ಲ ಕಲೆಸಿ ಹುರಿಹಿಟ್ಟು ಮಾಡಿದಳು. ಗೂಡಿನ ಬಳಿ ಇಟ್ಟು ಕೈ ತೆಗೆಯುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿದವು. ಓಡುತ್ತ ಒಳಗೆ ಬಂದಳು.

"ತಕ್ಕೊಂಡ್ವು! ನಮ್ಮಪ್ಪನಾಣೆ, ತಕ್ಕೊಂಡ್ವು!"

"ಆವತ್ತೂ ಇಂಗೇ ಅಂದಿದ್ದೆ."

"ಆವತ್ತು ಸುಳ್ಳು, ಇವತ್ತು ದಿಟ. ಉಣ್ಣು."

"ಬ್ಯಾಡ ಕಣೇ, ಸಾಕು."

ಆಗ ಮುನಿಯಮ್ಮ ಕ್ರಮ ಮುರಿದಳು. ಗೂಡಿನ ಬಾಯಿಯನ್ನೇ ಅಗೆದು, ಮಣ್ಣು, ಇರುವೆ, ಹಿಟ್ಟು ಎಲ್ಲವನ್ನೂ ಮೊರದಲ್ಲಿ ಬಾಚಿ ತಂದು ಅವನ ಮುಂದೆ ಹಿಡಿದಳು. ಗೂಡು ಕಳೆದುಕೊಂಡ ಇರುವೆಗಳು ದಿಕ್ಕಾಪಾಲಾಗಿ ಮೊರದ ಅಂಚು ಹತ್ತಿದವು, ಅವಳ ಕೈ ಕಚ್ಚಿದವು, ಹೊದಿಕೆಯ ಮೇಲೆ ಹರಿದವು. ಒಂದಾದರೂ ಹಿಟ್ಟು ಹೊರಲಿಲ್ಲ. ಓಬಳಯ್ಯ ಅಷ್ಟು ಹೊತ್ತೂ ನೋಡಿ, ಗೋಡೆಯ ಕಡೆ ಹೊರಳಿದ. ಆಮೇಲೆ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ರಂಗೇಶ್ ಆಸ್ಪತ್ರೆಗೆಂದು ಆಟೋ ತಂದರೆ ಮಂಚದ ಕಾಲು ಹಿಡಿದುಕೊಂಡ. ಅನ್ನ ಬಿಟ್ಟ ಹನ್ನೊಂದನೆಯ ದಿನ ತೀರಿಹೋದ.

ರಾಜಲಕ್ಷ್ಮಮ್ಮ ಇಷ್ಟಕ್ಕೆ ನಿಲ್ಲಿಸಿದರು. ಸುಲಿಯುತ್ತಿದ್ದವರಲ್ಲಿ ಹಿರಿಯನಾದ ಸಂಜೀವಯ್ಯ ಕೇಳಿದ: "ಆ ಡಬ್ಬ ಏನಾಯ್ತಮ್ಮ?"

"ಐತೆ. ಉಪ್ಪು ತುಂಬವ್ಳೆ."

"ಸುಳ್ಳು ಹೇಳ್ದೆ ಇದ್ದಿದ್ರೆ ಉಳೀತಿದ್ನಾ?"

"ಆವತ್ತೇ ಗೋಡೆ ಕಡೆ ಹೊರಳ್ಕಂತಿದ್ದ. ಎಲ್ಲಿ ಉಳೀತಿದ್ದ, ಬುಡು."

ಹೊತ್ತು ಮುಳುಗುತ್ತಿತ್ತು. ಮಡಿಲಿನ ಸಿಪ್ಪೆ ಕೊಡವಿ ಒಬ್ಬೊಬ್ಬರಾಗಿ ಎದ್ದರು. ಪಕ್ಕದ ಮನೆಯ ಹೊಸ್ತಿಲಲ್ಲಿ ಮುನಿಯಮ್ಮ ಕುಳಿತಿದ್ದಳು. ಸುಳ್ಳು ಸಾಕ್ಷಿ ಹೇಳಿದವಳನ್ನು ಯಾರೂ ಮಾತಾಡಿಸದೆ, ಅವಳ ಮುಂದೆಯೇ ಹಾದು, ತಮ್ಮ ತಮ್ಮ ಮನೆಗೆ ಹೋದರು.