ಯಾರ ಹೆಸರಿನ ಟಗರು

ಟಗರಿನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಬುರುಲ್ಚಾ ಮುದುಕಿ ಅದನ್ನು ಮರಿಯಿಂದಲೂ ಒಲೆಯ ಪಕ್ಕದಲ್ಲೇ ಸಾಕಿದ್ದಳು. ಮನುಷ್ಯರ ಕೈ ಎಂದರೆ ರೊಟ್ಟಿ ಎಂದಷ್ಟೇ ಅದಕ್ಕೆ ಗೊತ್ತಿತ್ತು. ಸಭಾಭವನದ ಹಿಂದೆ, ಕೆಸರು ಬೆರೆತ ಹಿಮದಲ್ಲಿ ನಿಂತು ಅದು ಒಮುರ್ಜಾಕನ ಬೆರಳು ನೆಕ್ಕುತ್ತಿತ್ತು. ಹಗ್ಗ ಅವನ ಮಣಿಕಟ್ಟಿಗೆ ಸುತ್ತಿತ್ತು.

ಆ ಹಗ್ಗ ಅವನ ಕೈಗೆ ಬಂದದ್ದು ಅವನ ಮಾತಿನಿಂದಲೇ. ಹಿಂದಿನ ವಾರ ಊರಿನ ಮುಖ್ಯಸ್ಥ ಶಾರ್ಶೆನ್ ಅವನ ಮನೆಗೆ ಬಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ್ದ: "ಬಾಯ್ಕೆ, ನೀವು ನನಗೆ ದೊಡ್ಡಣ್ಣ ಇದ್ದಂಗೆ, ಅದಕ್ಕೇ ಕೇಳ್ತಿದೀನಿ. ಈ ಸಲ ಅಫ್ಘಾನ್ ಯುದ್ಧದವರ ದಿನಕ್ಕೆ ಸಂಸತ್ತಿನಿಂದ ದೊಡ್ಡೋರು ಬರ್ತಾರೆ. ಬುರುಲ್ಚಾ ಅಪಾ ಟಗರು ಹೆಂಗೂ ಮಗನ ಹೆಸರಲ್ಲಿ ಕಡಿಯೋದೇ ಅಲ್ವಾ? ಅವಳ ಮನೇಲಿ ಕಡಿದ್ರೆ ನಾಲ್ಕು ಜನ ಉಂಡು ಹೋಗ್ತಾರೆ. ಇಲ್ಲಿ ಕಡಿದ್ರೆ ಊರಿಗೆ ಊರೇ ಕೈಯೆತ್ತಿ ತೊಲೊಮುಶ್ ಹೆಸರು ಹೇಳುತ್ತೆ."

ಒಮುರ್ಜಾಕ್ ಆ ಮಾತನ್ನು ಮುದುಕಿಗೆ ಒಯ್ದು ಒಪ್ಪಿಸಿದ. ಶಾರ್ಶೆನ್ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಒಮುರ್ಜಾಕ್ ಹೇಳಿದ, ನಂಬಿದಳು. ಆ ಯುದ್ಧದಲ್ಲಿ ಅವನೂ ಅವಳ ಮಗ ತೊಲೊಮುಶನೂ ಒಂದೇ ಲಾರಿಯಲ್ಲಿದ್ದವರು. ಇವನು ಒಂದು ಪಾದ ಕಳೆದುಕೊಂಡು ಬಂದ. ಅವನು ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆಯಲ್ಲಿ ಬಂದ. ಪೆಟ್ಟಿಗೆ ತೆರೆಯಲು ಸೈನ್ಯದವರು ಬಿಡಲಿಲ್ಲ. ತಾಯಿ ಮಗನ ಮುಖ ನೋಡಲಿಲ್ಲ, ಅವನಿಗೆ ಕೊನೆಯ ಸ್ನಾನವೂ ಆಗಲಿಲ್ಲ. ಪೆಟ್ಟಿಗೆಯೊಳಗೆ ಏನಿತ್ತು ಎಂದು ಅವಳು ಒಮುರ್ಜಾಕನನ್ನು ಎಂದೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವಳ ಮುಂದೆ ಆ ಹೆಸರನ್ನೇ ಅವನು ಎತ್ತುತ್ತಿರಲಿಲ್ಲ, 'ನಿಮ್ಮ ಮಗ' ಎನ್ನುತ್ತಿದ್ದ. ಚಳಿಗಾಲಕ್ಕೆ ಬೆರಣಿ ಒಟ್ಟಿಕೊಡುತ್ತಿದ್ದ, ಚಾವಣಿಯ ಹಿಮ ಎಳೆದು ಹಾಕುತ್ತಿದ್ದ. ಇಬ್ಬರ ನಡುವೆ ಆ ಮೌನವೇ ಒಂದು ನಂಟಾಗಿತ್ತು.

"ಊರೆಲ್ಲ ಕೈಯೆತ್ತುತ್ತಾ?" ಎಂದು ಅವಳು ಕೇಳಿದ್ದಳು. "ಹಂಗಾದ್ರೆ ತಗೊಂಡು ಹೋಗಪ್ಪ. ನಾನೊಬ್ಳೇ ಕೂಗಿದ್ರೆ ಅವನಿಗೆ ಕೇಳುತ್ತೋ ಇಲ್ವೋ."

ದೊಡ್ಡ ಮನುಷ್ಯನ ಕಾರು ಹೇಳಿದ ಹೊತ್ತಿಗಿಂತ ಮೊದಲೇ ಬಂತು. ಶಾರ್ಶೆನ್ ಓಡಿಹೋಗಿ ಬಾಗಿಲು ತೆಗೆದ, ಅತಿಥಿಯ ಮೊಣಕೈ ಹಿಡಿದು ನೇರ ಭವನದ ಹಿಂದಕ್ಕೆ ಕರೆತಂದ. ಕತ್ತಿ ತಾಗುವ ಮೊದಲು ಪ್ರಾಣಿಯ ಎದುರು ಅಂಗೈ ಬಿಚ್ಚಿ ಹರಸಬೇಕು. ಆಗ ಯಾರ ಹೆಸರು ಬಾಯಿಗೆ ಬರುತ್ತದೋ ಪ್ರಾಣಿ ಅವರದು. ಒಂದು ಜೀವಕ್ಕೆ ಒಂದೇ ಹೆಸರು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಶಾರ್ಶೆನ್ ಅಂಗೈ ಬಿಚ್ಚಿದ. ಬಂದ ಅಧಿಕಾರಿಗಳಿಗೆಲ್ಲ ಹರಸಿ ಹರಸಿ ಪಳಗಿದ ನಾಲಿಗೆ ತಾನಾಗಿ ಹರಿಯಿತು: "ನಮ್ಮ ಅತಿಥಿಯ ದಾರಿ ಬೆಳಗಲಿ, ಪದವಿ ಏರಲಿ, ಶತ್ರುಗಳ ಕಣ್ಣು ಕುರುಡಾಗಲಿ. ಈ ಟಗರು ಇವರ ಗೌರವಕ್ಕೆ. ಓಮಿನ್."

"ಓಮಿನ್" ಎಂದರು ಎಲ್ಲರೂ. ಎಲ್ಲರ ಅಂಗೈಗಳೂ ಮುಖದ ಮೇಲೆ ಇಳಿದವು. ಒಮುರ್ಜಾಕನ ಕೈಗಳೂ, ಮಣಿಕಟ್ಟಿನಲ್ಲಿ ಹಗ್ಗದ ಸಮೇತ, ಮೇಲೆದ್ದು ಮುಖ ಸವರಿಕೊಂಡು ಇಳಿದಿದ್ದವು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು, ಕೈ ಮನಸ್ಸನ್ನು ಕೇಳುವುದಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಟಗರು ನೆಲದಲ್ಲಿತ್ತು.

"ತೊಲೊಮುಶ್ ಹೆಸರು ಎಲ್ಲೋ?" ಎಂದು ಅವನು ಶಾರ್ಶೆನ್‌ನ ತೋಳು ಹಿಡಿದ.

"ಅಯ್ಯೋ, ಮರೆತೇಬಿಟ್ಟೆ!" ಶಾರ್ಶೆನ್ ನಾಲಿಗೆ ಕಚ್ಚಿಕೊಂಡ. ಮರುಕ್ಷಣವೇ ನಕ್ಕ. "ಹೋಗ್ಲಿ ಬಿಡಿ ಬಾಯ್ಕೆ. ಊಟ ಆದ್ಮೇಲೆ ಮುಲ್ಲಾ ಓದ್ತಾನಲ್ಲ, ಅದರಲ್ಲಿ ಸೇರಿಸೋಣ. ಸತ್ತೋರೇನು ಎದ್ದು ಬಂದು ಜಗಳ ಆಡ್ತಾರಾ?"

ಸ್ಮಾರಕದ ಕಲ್ಲಿನ ಸೈನಿಕನಿಗೆ ಹಿಂದಿನ ದಿನವಷ್ಟೇ ಬೆಳ್ಳಿಬಣ್ಣ ಬಳಿದಿದ್ದರು. ಪಾರಿವಾಳದ ಹಿಕ್ಕೆಯನ್ನು ತೊಳೆಯದೆ ಅದರ ಮೇಲೆಯೇ ಬಳಿದಿದ್ದರಿಂದ ಸೈನಿಕನ ಹೆಗಲ ತುಂಬ ಬೆಳ್ಳಿಯ ಗುಳ್ಳೆಗಳು. ಬುಡದಲ್ಲಿಟ್ಟ ಹೂಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ. ದೊಡ್ಡ ಮನುಷ್ಯ ಮಾತಾಡಿದ. ನಿಮ್ಮ ಋಣ ತೀರಿಸಲಾಗದು ಎಂದ. ಮತ್ತೆ ಮತ್ತೆ ಎಂದ. ತೀರಿಸಬೇಕಾಗಿಲ್ಲ ಎಂಬ ನೆಮ್ಮದಿ ಆ ದನಿಯಲ್ಲಿತ್ತು. ಆಮೇಲೆ ಬದುಕುಳಿದು ಬಂದವರಿಗೆಲ್ಲ ಚಿನ್ನದ ಕಸೂತಿಯ ಮಖಮಲ್ ನಿಲುವಂಗಿ ಹೊದಿಸಿದರು. ಕ್ಯಾಮೆರಾದವ "ನಗಿ ತಾತಾ, ಸತ್ತವರ ಮನೆಯಂಗೆ ಯಾಕೆ ಮುಖ?" ಎಂದ. ಯಾರೋ ಕಿಸಕ್ಕೆಂದರು. ಒಮುರ್ಜಾಕನ ನಿಲುವಂಗಿಯ ಕತ್ತುಪಟ್ಟಿಯಲ್ಲಿ ಬೇರೆ ಯಾರದೋ ಬೆವರಿನ ವಾಸನೆ ಇತ್ತು. ಅದನ್ನು ತನಗಿಂತ ಮೊದಲು ಎಷ್ಟು ಕುತ್ತಿಗೆಗಳು ಹೊತ್ತಿದ್ದವೋ.

ಒಳಗೆ ಊಟಕ್ಕೆ ಕೂತರು. ಟಗರಿನ ಬೇಯಿಸಿದ ತಲೆ, ಮುಖ್ಯ ಅತಿಥಿಯ ಪಾಲು, ದೊಡ್ಡ ಮನುಷ್ಯನ ಮುಂದೆ ಬಂತು. ಅವನು ಅದರ ಕಿವಿ ಕೊಯ್ದು, ಕ್ಯಾಮೆರಾ ತಿರುಗುವ ತನಕ ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಪಕ್ಕದವನಿಗೆ ಕೊಟ್ಟ. ಆ ಟಗರು ಬೆಳಗ್ಗೆ ತನ್ನ ಬೆರಳು ನೆಕ್ಕಿದ್ದು ಒಮುರ್ಜಾಕನಿಗೆ ನೆನಪಾಯಿತು. ಚಳಿಗೆ ತಟ್ಟೆಗಳಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ತುಟಿಗಳ ಮೇಲೂ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟಿದ ತುಟಿಗಳು ನಗುತ್ತಿದ್ದವು.

"ಬಾಯ್ಕೆ," ಎಂದು ದೊಡ್ಡ ಮನುಷ್ಯ ಅತ್ತಲಿಂದ ಕೂಗಿದ, "ಅಲ್ಲಿ ಎಷ್ಟು ಜನರನ್ನ ಹೊಡೆದ್ರಿ? ನಿಜ ಹೇಳಿ, ಇಲ್ಲಿರೋರೆಲ್ಲ ನಮ್ಮೋರೇ!"

"ಲಾರಿ ಓಡಿಸ್ತಿದ್ದೆ," ಎಂದ ಒಮುರ್ಜಾಕ್.

"ಹಂಗಾದ್ರೆ ಎಷ್ಟು ಜನರ ಮೇಲೆ ಹತ್ತಿಸಿದ್ರಿ?"

ಸಾಲಿನ ಉದ್ದಕ್ಕೂ ನಗು ಹರಿಯಿತು. ಒಮುರ್ಜಾಕನ ತಟ್ಟೆಯಲ್ಲಿ ಮಾನ್ಯರಿಗೆ ಕೊಡುವ ತೊಡೆಯ ಮೂಳೆ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಅಸಹ್ಯ ಅವರ ಮೇಲೆ ಮಾತ್ರ ಹುಟ್ಟಿದ್ದರೆ ಎದ್ದು ಉಗಿದು ಹೋಗಬಹುದಿತ್ತು. ಓಮಿನ್ ಎಂದ ಬಾಯಿ ತನ್ನದೂ ಹೌದು. ಎಲ್ಲಿ ಅಂತ ಉಗಿಯುವುದು?

ಬುರುಲ್ಚಾ ಹೆಂಗಸರ ಸಾಲಿನ ತುದಿಯಲ್ಲಿ, ಅವನ ಎದುರಿಗೇ ಕೂತಿದ್ದಳು. ಹಲ್ಲಿಲ್ಲದ ಬಾಯಲ್ಲಿ ಒಂದು ಚೂರನ್ನು ನಿಧಾನಕ್ಕೆ ತಿರುಗಿಸುತ್ತಿದ್ದಳು. ಮಗನ ಪಾಲೆಂದು ತಿನ್ನುತ್ತಿದ್ದಳು. ಮಗನ ಹೆಸರಿನ ಪ್ರಾರ್ಥನೆಗೆ ಅಂಗೈ ಮಡಿಲಲ್ಲಿ ಆಗಲೇ ಬಿಚ್ಚಿಕೊಂಡಿತ್ತು.

ದೊಡ್ಡ ಮನುಷ್ಯನಿಗೆ ಮುಂದಿನ ಊರಿಗೆ ಹೊತ್ತಾಗಿತ್ತು. ಶಾರ್ಶೆನ್ ಮುಲ್ಲಾನ ಕಡೆ ಬೆರಳು ತಿರುಗಿಸಿದ, ಬೇಗ ಬೇಗ ಎಂದು. ಮುಲ್ಲಾ ಬೇಗ ಬೇಗ ಓದಿದ, "ಎಲ್ಲ ಹುತಾತ್ಮರಿಗೆ" ಎಂದು ಮುಗಿಸಿದ. ಅಂಗೈಗಳು ಮುಖ ಒರೆಸಿದವು, ಅದೇ ಓಟದಲ್ಲಿ ಕೋಟಿನ ಗುಂಡಿಗಳನ್ನೂ ಹಾಕಿಕೊಂಡವು. ಶಾರ್ಶೆನ್ ಕಾರಿನ ಹಿಂದೆ ಓಡಿದ.

ಬುರುಲ್ಚಾಳ ಅಂಗೈ ಇನ್ನೂ ಬಿಚ್ಚಿಯೇ ಇತ್ತು.

"ಒಮುರ್, ಹೆಸರು ಹೇಳಲಿಲ್ಲವಲ್ಲ?"

"ಇಲ್ಲ ಅಪಾ."

"ಬೆಳಗ್ಗೆ ಕಡಿಯೋ ಮುಂಚೆ ಹೇಳಿರಬೇಕು. ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಮುದುಕಿ ಟಗರು ಮಗನಿಗೆ ಮುಟ್ಟಿತೆಂದು ನಂಬಿ, ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಳು. ಹೌದು ಎನ್ನುವುದು ಓಮಿನ್ ಎಂದಷ್ಟೇ ಸುಲಭವಿತ್ತು. ಸುಲಭವಿದ್ದುದೇ ಅವನಿಗೆ ಹೇಸಿಗೆ ತಂದಿತು.

"ಇಲ್ಲ ಅಪಾ. ಈಗ ಕಾರಲ್ಲಿ ಹೋದನಲ್ಲ, ಅವನ ಹೆಸರು ಹೇಳಿದ್ರು. ಅವನ ಪದವಿ ಏರಲಿ ಅಂತ. ನಾನೂ ಕೈಯೆತ್ತಿದೆ."

ಅವಳ ದವಡೆ ನಿಂತಿತು.

"ಹಂಗಾದ್ರೆ," ಎಂದಳು ನಿಧಾನವಾಗಿ, "ನನ್ನ ಬಾಯಲ್ಲಿರೋದು ಯಾರ ಪಾಲು?"

ಅವಳು ಅಗಿದ ಚೂರನ್ನು ಅಂಗೈಗೆ ಉಗಿದಳು, ನೋಡಿದಳು, ಮೇಜಿನ ಬಿಳಿ ಬಟ್ಟೆಗೆ ಒರೆಸಿದಳು. ಪಕ್ಕದ ಹೆಂಗಸು ಮುಖ ಸಿಂಡರಿಸಿ ತಟ್ಟೆಯನ್ನು ದೂರ ಸರಿಸಿಕೊಂಡಳು. ಉಳಿದವರು ಮಿಕ್ಕ ಮಾಂಸವನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಕೊಳ್ಳುವುದರಲ್ಲಿದ್ದರು.

"ಏಳು," ಎಂದಳು ಮುದುಕಿ. "ಮನೇಲಿ ಹಿಟ್ಟಿದೆ."

ಮನೆಯಲ್ಲಿ ಎಣ್ಣೆ ಹಳೆಯದಿತ್ತು, ಕಮಟು ಹಿಡಿದಿತ್ತು. ಹೊಸದು ತರುತ್ತೇನೆಂದರೆ ಅವಳು ಬಿಡಲಿಲ್ಲ. "ಅವನಿಗೆ ಗೊತ್ತು ನಮ್ಮ ಮನೆ ಎಣ್ಣೆ." ಹಿಟ್ಟು ನಾದಿ, ಲಟ್ಟಿಸಿ, ಚೌಕಗಳಾಗಿ ಕತ್ತರಿಸಿ ಬಾಣಲೆಯ ಎಣ್ಣೆಗೆ ಬಿಟ್ಟಳು. ಸತ್ತವರು ಬಾಯಿಂದ ಉಣ್ಣುವುದಿಲ್ಲ, ವಾಸನೆಯಿಂದ ಉಣ್ಣುತ್ತಾರೆ. ಟಗರು ಇಲ್ಲದವರು ಎಣ್ಣೆ ಕಾಯಿಸುತ್ತಾರೆ. ತಗ್ಗಿನ ಕೋಣೆ ಹೊಗೆಯಿಂದ ತುಂಬಿತು. ಒಮುರ್ಜಾಕ್ ಒಲೆಗೆ ಬೆರಣಿ ಮುರಿದು ಹಾಕುತ್ತಿದ್ದ. ಮಖಮಲ್ ಇನ್ನೂ ಹೆಗಲ ಮೇಲಿತ್ತು, ಅದನ್ನು ತೆಗೆಯಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ.

"ನೀನು ಹೇಳು," ಎಂದಳು.

"ನನಗೆ ಓದೋಕೆ ಬರಲ್ಲ ಅಪಾ."

"ಓದೋದು ನಾನು ಓದ್ತೀನಿ. ಹೆಸರು ಹೇಳು. ಕಡೇ ಸಲ ಅವನನ್ನ ಕೂಗಿದೋನು ನೀನೇ ಅಲ್ವಾ?"

ಹೌದು. ಉರಿಯುವ ಲಾರಿಯ ಪಕ್ಕದಲ್ಲಿ, ರಸ್ತೆಯ ಮೇಲೆ ಮಲಗಿ, ಕೂಗಿದ್ದ. ಅದು ಅವಳಿಗೆ ಹೇಗೆ ಗೊತ್ತಾಯಿತೆಂದು ಅವನು ಕೇಳಲಿಲ್ಲ.

"ತೊಲೊಮುಶ್," ಎಂದ. ಮತ್ತೆ ಎಂದ. ಇಬ್ಬರೂ ಅಂಗೈ ಬಿಚ್ಚಿದರು.

ಬಾಗಿಲು ದಬದಬ ಬಡಿಯಿತು. ಶಾರ್ಶೆನ್, ಏದುಸಿರು ಬಿಡುತ್ತ, ಹೊಸ್ತಿಲಲ್ಲೇ ನಿಂತ.

"ಇಲ್ಲಿದೀರಾ ಬಾಯ್ಕೆ? ಆ ನಿಲುವಂಗಿ ಬೇಕಾಗಿತ್ತು. ಎಲ್ಲರ ಹತ್ರ ವಾಪಸ್ ತಗೊಂಡೆ, ನಿಮ್ಮದೊಂದೇ ಬಾಕಿ. ಆಚೆ ಊರಲ್ಲೂ ನಿಮ್ಮಂಥೋರಿದ್ದಾರಲ್ಲ, ಅವರಿಗೂ ಹೊದಿಸ್ಬೇಕು, ದೊಡ್ಡೋರು ಆಗಲೇ ಹೊರಟ್ರು." ಮೂಗು ಮುಚ್ಚಿಕೊಂಡ. "ಥೂ, ಏನು ಗಬ್ಬು! ಬಟ್ಟೆಗೆಲ್ಲ ಹಿಡಿದಿರುತ್ತೆ."

ಒಮುರ್ಜಾಕ್ ನಿಲುವಂಗಿ ತೆಗೆದ. ಬುರುಲ್ಚಾ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬಾಣಲೆಯ ಹೊಗೆಯ ಮೇಲೆ, ಒದ್ದೆ ಬಟ್ಟೆ ಆರಿಸುವವಳಂತೆ, ಸಾವಕಾಶವಾಗಿ ಒಂದು ಮಗ್ಗುಲು ಹಿಡಿದಳು. ತಿರುಗಿಸಿ ಇನ್ನೊಂದು ಮಗ್ಗುಲು ಹಿಡಿದಳು.

"ಅಪಾ! ಅಪಾ, ಏನ್ಮಾಡ್ತಿದೀರಿ?"

ಅವಳು ಮಡಿಸಿ ಶಾರ್ಶೆನ್‌ನ ಕೈಗಿಟ್ಟಳು.

"ತಗೊಂಡು ಹೋಗು," ಎಂದಳು. "ಎಷ್ಟು ಊರಿಗೆ ಒಯ್ತೀಯೋ ಒಯ್ಯಿ. ಇದು ನನ್ನ ಮಗನ ಊಟದ ವಾಸನೆ."

ಅವನು ಅದನ್ನು ಮೈಯಿಂದ ದೂರ ಹಿಡಿದುಕೊಂಡು ಕೆಸರಿನಲ್ಲಿ ಇಳಿದು ಹೋದ. ಮುದುಕಿ ಬಾಗಿಲು ಹಾಕಲು ಬಿಡಲಿಲ್ಲ. ಹೊಗೆ ಹೊರಗೆ ಹೋಗಬೇಕಿತ್ತು.