ಖರೇ ಕೆಲಸ

ನಾನೊಂದು ಲ್ಯಾಪ್‌ಟಾಪ್. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ, ನನ್ನಂಥವೇ ಸಾಲುಸಾಲಾಗಿ ಸಾಗುವ ಪಟ್ಟಿಯ ಮೇಲೆ ಹುಟ್ಟಿದೆ. ನನಗೆ ತಿರುಪು ಬಿಗಿದ ಹುಡುಗಿ ಆಕಳಿಸುತ್ತಿದ್ದಳು. ನಾನು ಕಂಡ ಮೊದಲ ಮುಖವೇ ದಣಿದ ಮುಖ.

ಮೊದಲು ಸೇರಿದ್ದು ಬೆಂಗಳೂರಿನ ಒಂದು ವಿಮಾ ಕಚೇರಿಗೆ. ಅಲ್ಲಿ ನನ್ನ ಮುಂದೆ ಕೂತವರು ಬದಲಾಗುತ್ತಲೇ ಇದ್ದರು, ಯಾರ ಹೆಸರೂ ನೆನಪಿಲ್ಲ. ಹೊಸ ಯಂತ್ರಗಳು ಬಂದಾಗ ನಮ್ಮನ್ನೆಲ್ಲ ಗುಂಪಾಗಿ ಮಾರಿದರು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಳೇ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಬಹಳ ಕಾಲ ಧೂಳು ತಿಂದೆ. ಬೇಸಿಗೆಯಲ್ಲಿ ಅಂಗಡಿಯ ತಗಡು ಕಾದರೆ, ಕೆಲಸವಿಲ್ಲದೆಯೂ ನನ್ನ ಮೈ ಸುಡುತ್ತಿತ್ತು.

ಅಲ್ಲಿಂದ ನನ್ನನ್ನು ಮನೆಗೆ ತಂದವರು ಕಾಶೀರಾಯರು. ಸಂಜೆಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದರು. ಪತ್ರಿಕೆ ಮುಚ್ಚಿತು. ಐವತ್ತು ದಾಟಿದವರನ್ನು ಬೇರೆಲ್ಲೂ ಕರೆಯಲಿಲ್ಲ. ಹೆಂಡತಿ ಜಗದೇವಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದರು. ಆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಸುಮ್ಮನೆ ಕೂರುವುದು ಕಾಶೀರಾಯರಿಗೆ ಆಗುತ್ತಿರಲಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಒಂದು ದಾರಿ ತೋರಿಸಿದರು. ಎಐ ಎನ್ನುವ ಯಂತ್ರಗಳಿಗೆ ಕನ್ನಡ ಕಲಿಸುವ ಕೆಲಸ ಇದೆ, ಮನೆಯಲ್ಲೇ ಕೂತು ಮಾಡಬಹುದು ಎಂದರು. ಯಂತ್ರಕ್ಕೆ ಪಾಠ ಹೇಳಿದರೆ ಪಗಾರ ಕೊಡುವವರು ಯಾರು ಎಂದು ಜಗದೇವಿ ಕೇಳಿದರು. ಕಾಶೀರಾಯರಿಗೂ ನಂಬಿಕೆ ಇರಲಿಲ್ಲ. ಆದರೂ ಪರೀಕ್ಷೆ ಬರೆದರು, ಆಧಾರ್ ತೋರಿಸಿದರು, ನನ್ನ ಕ್ಯಾಮೆರಾ ಮುಂದೆ ಮುಖ ಎಡಕ್ಕೆ ಬಲಕ್ಕೆ ತಿರುಗಿಸಿದರು. ಯಾರೂ ಶುಲ್ಕ ಕೇಳಲಿಲ್ಲ. ಕೆಲಸ ಶುರುವಾಯಿತು.

ಒಂದು ಪ್ರಶ್ನೆಗೆ ಯಂತ್ರ ಎರಡು ಉತ್ತರ ಬರೆಯುತ್ತಿತ್ತು. ಯಾವುದು ಒಳ್ಳೆಯದು, ಯಾಕೆ ಎಂದು ಇವರು ಬರೆಯಬೇಕು. ಒಮ್ಮೆ ಎಮ್ಮೆ ಸತ್ತ ಮನೆಯವರಿಗೆ ಏನು ಹೇಳಲಿ ಎಂದು ಯಾರೋ ಕೇಳಿದ್ದರು. ಯಂತ್ರ ಸರ್ಕಾರಿ ಸುತ್ತೋಲೆಯ ಹಾಗೆ ಸಂತಾಪ ಬರೆದಿತ್ತು. ಕಾಶೀರಾಯರು ಬಹಳ ದಿನಗಳ ಮೇಲೆ ನಕ್ಕರು. ಜಗದೇವಿಯನ್ನು ಕರೆದು, ಇಂಥ ಮನೆಗೆ ಹೋದರೆ ನೀನೇನು ಹೇಳುತ್ತಿ ಎಂದು ಕೇಳಿದರು. ಏನೂ ಹೇಳುವುದಿಲ್ಲ, ಹೋಗಿ ಪಕ್ಕದಲ್ಲಿ ಕೂಡುತ್ತೇನೆ ಎಂದರು ಅವರು. ಅದನ್ನು ಬರೆಯಲು ಅಲ್ಲಿ ಜಾಗ ಇರಲಿಲ್ಲ.

ಪಗಾರ ಬ್ಯಾಂಕಿಗೆ ಸರಿಯಾಗಿ ಬರತೊಡಗಿತು. ಆದರೆ ಎಲ್ಲಿಂದ, ಯಾರಿಂದ ಎಂದು ಗೊತ್ತಿರಲಿಲ್ಲ. ಒಮ್ಮೊಮ್ಮೆ ಗುಣಮಟ್ಟ ಸಾಲದು ಎಂಬ ಸಂದೇಶ ಬರುತ್ತಿತ್ತು. ಯಾಕೆ ಎಂದು ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಪತ್ರಿಕೆಯಲ್ಲಿ ಬೈಯುವುದಕ್ಕಾದರೂ ಒಬ್ಬ ಸಂಪಾದಕ ಇದ್ದ ಎಂದು ಹೇಳಿ, ಕಣ್ಣುಜ್ಜಿಕೊಂಡು, ಮತ್ತೆ ನನ್ನ ಮುಂದೆ ಬಾಗುತ್ತಿದ್ದರು.

ಪಕ್ಕದ ಮನೆಯ ನಿಲೋಫರ್ ಬಟ್ಟೆ ಹೊಲಿಯುವ ಹೆಂಗಸು. ಇವರನ್ನು ಕಾಕಾ ಎಂದೇ ಕರೆಯುತ್ತಿದ್ದಳು. ತನಗೂ ಅಂಥ ಕೆಲಸ ಸಿಗುತ್ತದೆಯೇ ಎಂದು ಕೇಳಿದಳು. ಜಾಗ ಖಾಲಿಯಾದರೆ ಹೇಳುತ್ತೇನೆ ಎಂದರು ಕಾಶೀರಾಯರು. ಸುದ್ದಿ ಓಣಿಯಲ್ಲಿ ಹಬ್ಬಿತು.

ಸ್ವಲ್ಪ ದಿನಕ್ಕೆ ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಎಐ ಕೆಲಸ, ನೋಂದಣಿ ಶುಲ್ಕ ಕಟ್ಟಿ ಸೇರಿ, ನಿಮ್ಮ ಓಣಿಯ ಕಾಶೀರಾಯರೇ ಸಾಕ್ಷಿ ಎಂದಿತ್ತು. ಅವರನ್ನು ಕೇಳಿ ತೊಂದರೆ ಕೊಡಬೇಡಿ ಎಂದೂ ಇತ್ತು. ನಿಲೋಫರ್ ಸಂಕೋಚದಿಂದ ಅವರನ್ನು ಕೇಳಲಿಲ್ಲ; ಸಂದೇಶದಲ್ಲಿದ್ದ ನಂಬರಿಗೆ ಫೋನ್ ಮಾಡಿ ಮಾತಾಡಿದಳು. ಹಬ್ಬಕ್ಕೆಂದು ಹೊಲಿದು ಗಳಿಸಿದ್ದನ್ನೆಲ್ಲ ಕಳಿಸಿಬಿಟ್ಟಳು. ಓಣಿಯ ಬೇರೆ ಹೆಂಗಸರೂ ಕಳಿಸಿದರು. ಆಮೇಲೆ ಆ ನಂಬರ್ ಹತ್ತಲಿಲ್ಲ.

ಹೆಂಗಸರು ಠಾಣೆಗೆ ಹೋದರು. ಅವರಿಗೆ ಗೊತ್ತಿದ್ದದ್ದು ಕಾಶೀರಾಯರ ಹೆಸರೊಂದೇ. ಪೊಲೀಸರು ಅವರನ್ನೂ ನನ್ನನ್ನೂ ಕರೆದೊಯ್ದರು. ಓಣಿ ದಾಟುವಾಗ ಅವರು ನನ್ನನ್ನು ಎದೆಗೆ ಅವಚಿಕೊಂಡಿದ್ದರು.

ಠಾಣೆಯ ಮೇಡಂ ಬೈಯಲಿಲ್ಲ, ಮೆಲ್ಲಗೇ ಕೇಳಿದರು.

“ನಿಮ್ಮ ಕಂಪನಿ ಎಲ್ಲದ?”

“ಗೊತ್ತಿಲ್ರಿ.”

“ಯಾರನ್ನಾದ್ರೂ ನೋಡೀರೇನು?”

“ಇಲ್ರಿ. ಆದ್ರ ಕೆಲಸ ಖರೇ ಅದ, ಪಗಾರ ಬರ್ತದ.”

ಕಳ್ಳನೂ ಹೀಗೇ ಹೇಳುತ್ತಾನಲ್ಲ ಎಂದರು ಮೇಡಂ. ಜೀವನವಿಡೀ ಬೇರೆಯವರ ತಪ್ಪು ತಿದ್ದಿದ ಕಾಶೀರಾಯರು ನನ್ನನ್ನು ತೆರೆದು ಅವರ ಕಡೆ ತಿರುಗಿಸಿದರು. ನನ್ನೊಳಗೆ ಅವರು ಮಾಡಿದ ಕೆಲಸವೆಲ್ಲ ಇತ್ತು, ಮಾಡಿಸಿಕೊಂಡವರ ಮುಖ ಇರಲಿಲ್ಲ.

ಅಷ್ಟರಲ್ಲಿ ನಿಲೋಫರ್ ಬಂದಳು. ದೂರು ಕೊಟ್ಟವರ ಜೊತೆ ಅವಳು ಹೋಗಿರಲಿಲ್ಲ. ಆ ಹೆಂಗಸರು ಹೊರಗೆ ನಿಂತು ಅವಳನ್ನು ತಡೆಯುವುದು ಕೇಳಿಸುತ್ತಿತ್ತು. ಅವಳು ಮೇಜಿನ ತನಕ ಬಂದು ನಿಂತಳು.

“ನನ್ನ ರೊಕ್ಕ ಹೋಗ್ಯಾದ ಮೇಡಂ. ಆದ್ರ ಇವರು ತಗೊಂಡಿಲ್ಲ. ಫೋನ್ದಾಗ ಮಾತಾಡ್ದಾವನ ದನಿ ಬ್ಯಾರೆ ಇತ್ತು. ಕಾಕಾನ ದನಿ ನಾ ದಿನಾ ಗ್ವಾಡಿ ಆಚೆಯಿಂದ ಕೇಳ್ತೀನಿ.”

ರೊಕ್ಕ ಹೋದ ಖಾತೆ ಬೇರೆ ರಾಜ್ಯದ ಯಾರದೋ ಹೆಸರಿನಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ಕಾಶೀರಾಯರನ್ನು ಅಂದೇ ಬಿಟ್ಟರು. ನನ್ನನ್ನು ಮಾತ್ರ ತನಿಖೆಗೆಂದು ಇಟ್ಟುಕೊಂಡರು. ಮೋಸ ಮಾಡಿದವನು ಸಿಗಲಿಲ್ಲ, ರೊಕ್ಕವೂ ಬರಲಿಲ್ಲ.

ನಾನು ಠಾಣೆಯಿಂದ ಮರಳುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಕಾಶೀರಾಯರು ಬಾಗಿಲು ಹಾಕಿ, ನನ್ನನ್ನು ತೆರೆದು ಕೆಲಸದ ಪುಟ ಹೊಕ್ಕರು. ಈ ಯೋಜನೆ ಮುಗಿದಿದೆ, ನಿಮ್ಮ ಸೇವೆಗೆ ಧನ್ಯವಾದ ಎಂದಿತ್ತು. ಹಿಂದೆ ಮಾಡಿದ ಕೆಲಸದ ಪಗಾರ ಪೂರ್ತಿ ಬಂದಿತ್ತು. ಬೇರೆ ಕೆಲಸ ಇದೆಯೇ ಎಂದು ಅವರು ಅಲ್ಲಿಗೇ ಒಂದು ಪತ್ರ ಬರೆದರು. ಸದ್ಯಕ್ಕಿಲ್ಲ ಎಂದು ಕೂಡಲೇ ಉತ್ತರ ಬಂತು. ಅದರ ಕನ್ನಡ ತಪ್ಪಿಲ್ಲದೆ, ನಯವಾಗಿ ಇತ್ತು. ಬರೆದದ್ದು ಮನುಷ್ಯರೋ ಯಂತ್ರವೋ ಎಂದು ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಮುಚ್ಚಿ, ಜಗದೇವಿಯ ಪಕ್ಕ ಕೂತು ಹಿಟ್ಟು ಜರಡಿ ಹಿಡಿದರು.

ಈಗ ಅವರು ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕರಡು ನೋಡುತ್ತಾರೆ. ನನ್ನನ್ನು ನಿಲೋಫರ್‌ಗೆ ಕೊಟ್ಟರು. ಆಮೇಲೊಂದು ದಿನ ವಾಕ್ಯಗಳನ್ನು ಓದಿ ಎಐ ಯಂತ್ರಕ್ಕೆ ದನಿ ಕಳಿಸುವ ಕೆಲಸವೊಂದು ತೆರೆದಾಗ, ತಾವೇ ಅವಳ ಪಕ್ಕ ಕೂತು ಷರತ್ತುಗಳನ್ನೆಲ್ಲ ಓದಿ ಹೇಳಿದರು. ಅವಳಿಗೆ ಆ ಕೆಲಸ ಸಿಕ್ಕಿತು.

ನನ್ನ ಬ್ಯಾಟರಿ ಸತ್ತಿದೆ, ವೈರ್ ಕಿತ್ತರೆ ನಾನಿಲ್ಲ. ಮುಚ್ಚಳದ ಕೀಲು ಮುರಿದು, ಹೊಲಿಗೆ ಮಷಿನ್ನಿಗೆ ಒರಗಿ ನಿಂತಿದ್ದೇನೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಈ ಕೆಲಸ ನಂಬುವಂಥದ್ದೇ ಎಂದು ನಿಲೋಫರ್‌ಳನ್ನು ಕೇಳುತ್ತಾರೆ. ಅಂದು ಠಾಣೆಯ ಹೊರಗೆ ಅವಳನ್ನು ತಡೆದವಳೂ ನಿನ್ನೆ ಬಂದಿದ್ದಳು. ನಿಲೋಫರ್ ಅವಳನ್ನು ಕೂಡಿಸಿ ನೀರು ಕೊಟ್ಟಳು.

“ಸೇರ್ಲಿಕ್ಕಿ ರೊಕ್ಕ ಕೇಳಿದ್ರ ಅದು ಮೋಸ. ಇದು ಹಂಗಲ್ಲ, ದುಡಿದ್ರ ಕೊಡ್ತಾರ,” ಎಂದಳು. ಖಾಲಿ ಲೋಟ ತೆಗೆದಿಡುತ್ತ, “ಆದ್ರ ನಾಳಿಗಿ ಇರ್ತದಂತ ಯಾರೂ ಹೇಳಂಗಿಲ್ಲ,” ಎಂದಳು.

ಬಂದವಳು ತಲೆಯಾಡಿಸಿದಳು. ನನಗೂ ಇಷ್ಟು ವರ್ಷದ ದುಡಿಮೆಯಲ್ಲಿ ತಿಳಿದದ್ದು ಇದಕ್ಕಿಂತ ಹೆಚ್ಚೇನಿಲ್ಲ. ನಿಲೋಫರ್ ಕುರ್ಚಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಮುಂದಿನ ವಾಕ್ಯ ಓದತೊಡಗಿದಳು.